ಹಳೆಯ ಸ್ಪೋರ್ಟ್ಸ್ ಗಾಡಿಗೆ ಹೊಸ ಥರ್ಮೋಸ್ಟಾಟ್

ಕಾವು ಯಂತ್ರದ ಶತ್ರುವೆಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಮೋಟಾರಿನ ಮೂತಿಯಿಂದ ಹಬೆ ಏಳುವುದನ್ನು ಒಮ್ಮೆ ಕಂಡವರು, ಯಂತ್ರವು ಎಷ್ಟು ತಣ್ಣಗಿದ್ದರೆ ಅಷ್ಟು ಮೇಲೆಂದು ತೀರ್ಮಾನಿಸಿಬಿಡುತ್ತಾರೆ. ಈ ತೀರ್ಮಾನದ ಫಲವಾಗಿಯೇ ನಮ್ಮ ಬಯಲುಸೀಮೆಯಲ್ಲಿ ಹಳೆಯ ಗಾಡಿಗಳ ಥರ್ಮೋಸ್ಟಾಟನ್ನು ಕಿತ್ತೆಸೆಯುವ ವಾಡಿಕೆ ಹುಟ್ಟಿತು. ಅದು ಚಳಿದೇಶದವರಿಗೆ ಬೇಕಾದ ವಸ್ತು, ನಮಗೇಕೆ ಎಂಬುದು ವಾದ. ಈ ವಾದವು ಎಷ್ಟರಮಟ್ಟಿಗೆ ಸರಿ, ಕಿತ್ತುಹೋದ ಅಥವಾ ಕೆಟ್ಟುಹೋದ ಥರ್ಮೋಸ್ಟಾಟಿನ ಸ್ಥಾನದಲ್ಲಿ ಎಂಥದನ್ನು ಆರಿಸಿ ಇಡಬೇಕು, ಎಂಬುದೇ ನಮ್ಮ ಈ ದಿನದ ವಿಷಯ.

ವಿಷಯವು ಚಿಕ್ಕದೆಂದು ತೋರಬಹುದು. ಆದರೆ ೧೯೪೫ರಿಂದ ೧೯೪೯ರವರೆಗೆ ಸುಮಾರು ಹತ್ತು ಸಾವಿರ ಮಾತ್ರ ತಯಾರಾದ ಎಂ.ಜಿ. ಟಿ.ಸಿ.ಯಂಥ ಗಾಡಿಯ ಒಡೆಯನಿಗೆ ಅದು ಚಿಕ್ಕದಲ್ಲ. ಅಂಗೈಯಲ್ಲಿ ಅಡಗುವ ಈ ಕವಾಟದ ಬೆಲೆ ಅಲ್ಪ; ಆದರೆ ಅದರ ದೋಷದಿಂದ ಕಾವೇರಿ ಸಿಲಿಂಡರ್ ಹೆಡ್ಡು ಬಿರಿದರೆ, ಅಂಥ ಇನ್ನೊಂದನ್ನು ಪೇಟೆಯಲ್ಲಿ ಕೊಂಡುತರುವುದು ಸುಲಭವಲ್ಲ.

ಮೊದಲು ಅದರ ಕೆಲಸವನ್ನು ತಿಳಿಯೋಣ. ಯಂತ್ರದ ಸುತ್ತ ಹರಿಯುವ ನೀರು ಅಲ್ಲಿಯ ಕಾವನ್ನು ಹೀರಿಕೊಂಡು ರೇಡಿಯೇಟರಿಗೆ ಹೋಗಿ, ಗಾಳಿಗೆ ತಣಿದು ಹಿಂದಿರುಗುತ್ತದೆ. ಈ ಹಾದಿಯ ಬಾಗಿಲಲ್ಲಿ ಥರ್ಮೋಸ್ಟಾಟ್ ಇದೆ. ಯಂತ್ರವು ತಣ್ಣಗಿರುವಾಗ ಬಾಗಿಲು ಮುಚ್ಚಿರುತ್ತದೆ. ನೀರು ರೇಡಿಯೇಟರಿಗೆ ಹೋಗದೆ, ಬೈಪಾಸ್ ಎಂಬ ಅಡ್ಡದಾರಿಯಿಂದ ಯಂತ್ರದಲ್ಲಿಯೇ ಸುತ್ತುತ್ತದೆ. ನೀರು ಗೊತ್ತಾದ ಉಷ್ಣತೆಯನ್ನು ಮುಟ್ಟಿದಾಗ ಬಾಗಿಲು ತೆರೆಯತೊಡಗುತ್ತದೆ. ಹೀಗೆ ಕಾಯಿಸುವುದರ ಪ್ರಯೋಜನವೇನು? ತಣ್ಣನೆಯ ಸಿಲಿಂಡರಿನಲ್ಲಿ ಪೆಟ್ರೋಲು ಪೂರ್ಣವಾಗಿ ಆವಿಯಾಗದೆ ಗೋಡೆಗಳಿಗೆ ಅಂಟಿ, ಅಲ್ಲಿಯ ಎಣ್ಣೆಯ ಪದರವನ್ನು ತೊಳೆದುಬಿಡುತ್ತದೆ. ದಹನದಿಂದ ಹುಟ್ಟಿದ ನೀರಾವಿಯು ಎಣ್ಣೆಯಲ್ಲಿ ಸೇರಿ ಕೆಸರು ಕಟ್ಟುತ್ತದೆ. ಯಂತ್ರವು ಬೇಗನೆ ಸವೆಯುತ್ತದೆ. ಆದ್ದರಿಂದ ಬಿಸಿಲ ನಾಡಿನಲ್ಲಿಯೂ ಯಂತ್ರಕ್ಕೆ ತಕ್ಕಷ್ಟು ಕಾವು ಬೇಕೇ ಬೇಕು.

ಇನ್ನೊಂದು ಮಾತು ಇದಕ್ಕಿಂತಲೂ ಮುಖ್ಯವಾದುದು. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ಘಟಪ್ರಭೆಗೆ ಅಣೆಕಟ್ಟು ಕಟ್ಟಿದೆ. ಅದರ ಕೆಳಗೆ ಗೋಕಾಕ ತಾಲ್ಲೂಕಿನ ಧೂಪದಾಳದ ಒಡ್ಡಿನಿಂದ ಕಾಲುವೆ ಹೊರಡುತ್ತದೆ. ತೂಬನ್ನು ಪೂರ್ತಿಯಾಗಿ ಎತ್ತಿದ ಮೇಲೆ ಕಾಲುವೆಯಲ್ಲಿ ಎಷ್ಟು ನೀರು ಹರಿದೀತು? ಕಾಲುವೆಯು ಹೊರಬಲ್ಲಷ್ಟು ಮಾತ್ರ. ತೂಬಿನವನು ಬೇಗ ಎತ್ತಿದನೋ ತಡವಾಗಿ ಎತ್ತಿದನೋ ಎಂಬುದರಿಂದ ಕಾಲುವೆಯ ಅಗಲ ಹೆಚ್ಚುವುದಿಲ್ಲ. ಥರ್ಮೋಸ್ಟಾಟೂ ಇಂಥ ತೂಬೇ. ಕಾವು ಯಾವ ಮಟ್ಟಕ್ಕಿಂತ ಇಳಿಯಬಾರದೆಂಬುದನ್ನು ಅದು ನಿಶ್ಚಯಿಸುತ್ತದೆ. ಯಾವ ಮಟ್ಟಕ್ಕಿಂತ ಏರಬಾರದೆಂಬುದನ್ನು ನಿಶ್ಚಯಿಸುವವು ರೇಡಿಯೇಟರು, ಬೀಸಣಿಗೆ, ನೀರಿನ ಪಂಪು ಇವು ಮೂರು. ರೇಡಿಯೇಟರಿನ ಕೊಳವೆಗಳು ಅರ್ಧ ಕಟ್ಟಿಹೋಗಿದ್ದರೆ, ಎಷ್ಟು ಕಡಮೆ ಡಿಗ್ರಿಯ ಥರ್ಮೋಸ್ಟಾಟನ್ನು ತಂದಿಟ್ಟರೂ ನೀರು ಕುದಿಯುವುದು ತಪ್ಪದು.

ಹಾಗಾದರೆ ಅದನ್ನು ತೆಗೆದೇಬಿಟ್ಟರೆ ಏನಾಗುತ್ತದೆ? ಅನೇಕ ಯಂತ್ರಗಳಲ್ಲಿ ಥರ್ಮೋಸ್ಟಾಟು ರೇಡಿಯೇಟರಿನ ಬಾಗಿಲನ್ನು ತೆರೆಯುವಾಗಲೇ ಬೈಪಾಸನ್ನು ಮುಚ್ಚುವ ಕೆಲಸವನ್ನೂ ಮಾಡುತ್ತದೆ. ಅದು ಇಲ್ಲವಾದರೆ ಬೈಪಾಸು ಸದಾ ತೆರೆದಿರುತ್ತದೆ. ನೀರು ಸುಲಭವಾದ ದಾರಿಯನ್ನೇ ಹುಡುಕುವುದಷ್ಟೆ? ಬಿಸಿನೀರಿನ ಒಂದು ಭಾಗವು ರೇಡಿಯೇಟರನ್ನು ಕಾಣದೆಯೇ ಯಂತ್ರಕ್ಕೆ ಹಿಂದಿರುಗುತ್ತದೆ. ತಂಪಿಗೆಂದು ಮಾಡಿದ ಉಪಾಯವೇ ಕಾವನ್ನು ಹೆಚ್ಚಿಸುತ್ತದೆ.

ಇದರಿಂದ ಆಯ್ಕೆಯ ಮೊದಲನೆಯ ಸೂತ್ರ ದೊರೆಯಿತು: ಡಿಗ್ರಿಗಿಂತ ಮೊದಲು ಆಕಾರವನ್ನು ನೋಡಬೇಕು. ಹಳೆಯ ಜಾಗ್ವಾರ್ ಎಕ್ಸ್.ಕೆ. ಯಂತ್ರಕ್ಕೆ ಮೊದಲು ಬಂದ ಥರ್ಮೋಸ್ಟಾಟಿನ ಸುತ್ತ ಒಂದು ಬಳೆಯಿತ್ತು; ಕವಾಟವು ಮೇಲೇಳುವಾಗ ಆ ಬಳೆಯೂ ಎದ್ದು ಬೈಪಾಸಿನ ಕಂಡಿಯನ್ನು ಮುಚ್ಚುತ್ತಿತ್ತು. ಬಳೆಯಿಲ್ಲದ ಸಾಧಾರಣ ಥರ್ಮೋಸ್ಟಾಟು ಅದೇ ಗೂಡಿನಲ್ಲಿ ಅಂದವಾಗಿ ಕೂರುತ್ತದೆ, ಆದರೆ ಕಂಡಿಯನ್ನು ಮುಚ್ಚುವುದಿಲ್ಲ. ಎಂ.ಜಿ. ಟಿ.ಸಿ.ಯಲ್ಲಿ ಥರ್ಮೋಸ್ಟಾಟೂ ಅದರ ಲೋಹದ ಗೂಡೂ ಒಂದೇ ಅಂಗವಾಗಿದ್ದವು. ಅದು ಕೆಟ್ಟರೆ ಈಗ ಬೇರೆ ಗೂಡನ್ನು ಜೋಡಿಸಿ ಅದರೊಳಗೆ ಹೊಸ ಮಾದರಿಯದನ್ನು ಇಡುವುದು ರೂಢಿ. ಹಾಗೆ ಇಟ್ಟಾಗ ಬೈಪಾಸಿನ ಕೊಳವೆಯ ಬಾಯನ್ನು ಕಿರಿದುಮಾಡುವುದನ್ನು ಮರೆಯಬಾರದು. ಕೊಳ್ಳುವ ಮುನ್ನ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು ಅಂಚಿನ ಅಗಲ, ದಪ್ಪ, ಎತ್ತರ, ಬಳೆ ಇವುಗಳನ್ನು ಹೋಲಿಸಿ ನೋಡತಕ್ಕದ್ದು.

ಎರಡನೆಯದು ಜಾತಿ. ಹಳೆಯ ಥರ್ಮೋಸ್ಟಾಟುಗಳು ತಿದಿಯ ಜಾತಿಯವು. ಮಡಿಕೆಮಡಿಕೆಯಾದ ಲೋಹದ ತಿದಿಯೊಳಗೆ ಬೇಗನೆ ಆವಿಯಾಗುವ ದ್ರವವನ್ನು ತುಂಬಿ ಮುಚ್ಚಿರುತ್ತಿದ್ದರು. ಈಗಿನವು ಮೇಣದ ಜಾತಿಯವು. ಮೇಣವು ಕರಗುವಾಗ ಹಿಗ್ಗಿ ಒಂದು ಕಡ್ಡಿಯನ್ನು ತಳ್ಳುತ್ತದೆ. ಈ ಮೇಣದ ಯುಕ್ತಿಯನ್ನು ೧೯೩೦ರ ದಶಕದಲ್ಲಿ ಬಳಕೆಗೆ ತಂದವರು ಸರ್ಜಿಯಸ್ ವರ್ನೆ ಎಂಬವರು. ತಿದಿಯು ತೂತುಬಿದ್ದರೆ ಸಾಮಾನ್ಯವಾಗಿ ಬಾಗಿಲು ತೆರೆದೇ ಉಳಿಯುತ್ತದೆ. ಯಂತ್ರ ತಣ್ಣಗೆ ಓಡುತ್ತದೆ, ಅಷ್ಟೆ. ಮೇಣದ್ದು ಕೆಟ್ಟರೆ ಬಹುಮಟ್ಟಿಗೆ ಮುಚ್ಚಿಯೇ ನಿಲ್ಲುತ್ತದೆ. ಆಗ ಯಂತ್ರಕ್ಕೆ ಅಪಾಯ. ಹಾಗೆಂದು ಹಳೆಯ ಜಾತಿಯೇ ಮೇಲೆನ್ನುವಂತಿಲ್ಲ. ನೀರಿನ ಒತ್ತಡವು ತಿದಿಯನ್ನು ಅಮುಕುವುದರಿಂದ, ಒತ್ತಡದ ಮುಚ್ಚಳವುಳ್ಳ ರೇಡಿಯೇಟರಿನಲ್ಲಿ ಅದು ತಡವಾಗಿ ತೆರೆಯುತ್ತದೆ. ಮೇಣಕ್ಕೆ ಈ ತೊಡಕು ಇಲ್ಲವೆನ್ನುವಷ್ಟು ಕಡಮೆ.

ಮೂರನೆಯದು ಡಿಗ್ರಿ. ಎಂ.ಜಿ.ಬಿ. ಗಾಡಿಗೆ ತಯಾರಕರು ಮೂರು ಬಗೆಯನ್ನು ಹೇಳಿದ್ದರು: ಸಾಧಾರಣಕ್ಕೆ ೮೨ ಡಿಗ್ರಿ ಸೆಂಟಿಗ್ರೇಡ್, ಉಷ್ಣದೇಶಕ್ಕೆ ೭೪, ಶೀತದೇಶಕ್ಕೆ ೮೮. ಈ ಅಂಕಿಯು ಬಾಗಿಲು ತೆರೆಯತೊಡಗುವ ಉಷ್ಣತೆಯನ್ನು ಮಾತ್ರ ಸೂಚಿಸುತ್ತದೆ. ಪೂರ್ಣವಾಗಿ ತೆರೆಯುವುದು ಅದಕ್ಕಿಂತ ಹನ್ನೆರಡು ಹದಿನೈದು ಡಿಗ್ರಿ ಮೇಲೆ.

ಈಗ ಲೆಕ್ಕವನ್ನು ಒಂದು ದಾರಿಗೆ ಅನ್ವಯಿಸಿ ನೋಡೋಣ. ಪುಣೆ-ಬೆಂಗಳೂರು ಹೆದ್ದಾರಿಯು ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರವನ್ನು ಹಾದುಹೋಗುತ್ತದೆ. ಹಳೆಯ ಗಾಡಿಯ ಪ್ರಯಾಣಿಕನೊಬ್ಬನು ಅಲ್ಲಿ ಒಳಕ್ಕೆ ತಿರುಗಿ, ಹುಕ್ಕೇರಿಯ ಮೇಲೆ ಗೋಕಾಕದ ಜಲಪಾತವನ್ನು ನೋಡಿಕೊಂಡು, ಮೂಡಲಗಿಯ ಬಯಲಿಗೆ ಹೊರಟನೆಂದು ಭಾವಿಸೋಣ. ಮಾಗಿಯ ಬೆಳಗಿನಲ್ಲಿ ಇಲ್ಲಿಯ ಗಾಳಿ ಸಾಕಷ್ಟು ತಣ್ಣಗಿರುತ್ತದೆ. ಥರ್ಮೋಸ್ಟಾಟಿಲ್ಲದ ಯಂತ್ರವು ಹಲವು ಮೈಲಿ ಓಡಿದರೂ ಹದಕ್ಕೆ ಬಾರದು. ಅದೇ ಋತುವಿನಲ್ಲಿ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಸಾಗುತ್ತಿರುತ್ತದೆ. ಕಬ್ಬು ಹೇರಿದ ಟ್ರಾಕ್ಟರಿನ ಹಿಂದೆ ಆಮೆಯ ನಡಿಗೆಯಲ್ಲಿ ಸಾಗುವಾಗ ರೇಡಿಯೇಟರಿಗೆ ಎದುರುಗಾಳಿ ಸಿಕ್ಕುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಮುಳ್ಳು ಮೇಲೇರುತ್ತದೆ. ಚೈತ್ರ ವೈಶಾಖಗಳ ಬಿಸಿಲಿನಲ್ಲಂತೂ ಹೇಳಬೇಕಾದುದೇ ಇಲ್ಲ.

ಈ ಪ್ರದೇಶವು ಸಮುದ್ರಮಟ್ಟಕ್ಕಿಂತ ಐನೂರು ಮೀಟರಿಗೂ ಮೇಲಿರುವುದರಿಂದ ಇಲ್ಲಿ ನೀರು ೧೦೦ ಡಿಗ್ರಿಯಲ್ಲಲ್ಲ, ಸುಮಾರು ೯೮ರಲ್ಲಿಯೇ ಕುದಿಯುತ್ತದೆ. ಒತ್ತಡದ ಮುಚ್ಚಳವಿಲ್ಲದ ಗಾಡಿಯಲ್ಲಿ ೮೮ ಡಿಗ್ರಿಯ ಥರ್ಮೋಸ್ಟಾಟನ್ನಿಟ್ಟರೆ, ಅದು ಪೂರ್ಣವಾಗಿ ತೆರೆಯುವುದರೊಳಗೆ ನೀರು ಕುದಿದುಹೋಗಿರುತ್ತದೆ! ೮೨ರದ್ದು ೯೪-೯೭ರಲ್ಲಿ ಪೂರ್ತಿ ತೆರೆಯುತ್ತದೆ. ಕುದಿಯುವುದಕ್ಕೂ ಅದಕ್ಕೂ ಕೂದಲೆಳೆಯ ಅಂತರ. ೭೪ರದ್ದಾದರೆ ೮೬-೮೯ರಲ್ಲಿಯೇ ತೆರೆದು, ಸುಮಾರು ಹತ್ತು ಡಿಗ್ರಿಯ ಅವಕಾಶವನ್ನು ಉಳಿಸುತ್ತದೆ. ಆದ್ದರಿಂದ ಇಂಥ ಗಾಡಿಗೆ ೭೪ ಡಿಗ್ರಿಯದೇ ಯೋಗ್ಯ. ಏಳು ಪೌಂಡು ಒತ್ತಡದ ಮುಚ್ಚಳವುಳ್ಳ ಗಾಡಿಯಲ್ಲಿ ನೀರು ೧೧೦ರ ಸುಮಾರಿನವರೆಗೆ ಕುದಿಯದ ಕಾರಣ, ೮೨ ಡಿಗ್ರಿಯದನ್ನು ನಿರ್ಭಯವಾಗಿ ಇಡಬಹುದು. ಆದರೆ ಈ ಲಾಭದ ಆಸೆಗೆ, ಒತ್ತಡಕ್ಕಾಗಿ ಕಟ್ಟದ ಹಳೆಯ ರೇಡಿಯೇಟರಿಗೆ ಒತ್ತಡದ ಮುಚ್ಚಳವನ್ನು ತೊಡಿಸಕೂಡದು, ಬೆಸುಗೆ ಬಿಟ್ಟೀತು.

ತಂದ ವಸ್ತುವನ್ನು ಕೂರಿಸುವ ಮೊದಲು ಪರೀಕ್ಷಿಸುವುದು ಅವಶ್ಯ. ಒಂದು ಪಾತ್ರೆಯ ನೀರಿನಲ್ಲಿ ಥರ್ಮೋಸ್ಟಾಟನ್ನು ತಳಕ್ಕೆ ತಾಗದಂತೆ ದಾರದಿಂದ ಇಳಿಬಿಟ್ಟು, ಪಕ್ಕದಲ್ಲಿ ಉಷ್ಣಮಾಪಕವನ್ನು ಹಿಡಿದು, ಮೆಲ್ಲನೆ ಕಾಯಿಸಬೇಕು. ಜ್ವರ ನೋಡುವ ಉಷ್ಣಮಾಪಕವು ಇಲ್ಲಿ ಸಲ್ಲದು, ಪ್ರಯೋಗಶಾಲೆಯದು ಬೇಕು. ಎಷ್ಟು ಡಿಗ್ರಿಗೆ ತೆರೆಯತೊಡಗಿತು, ಎಷ್ಟಕ್ಕೆ ಪೂರ್ತಿ ತೆರೆಯಿತು, ತಣಿದ ಮೇಲೆ ಬಿಗಿಯಾಗಿ ಮುಚ್ಚಿತೆ, ಈ ಮೂರನ್ನು ಗುರುತುಹಾಕಿಕೊಳ್ಳಬೇಕು. ಹೊಸದೆಂಬ ಮಾತ್ರಕ್ಕೆ ನಂಬತಕ್ಕದ್ದಲ್ಲ. ಕೂರಿಸುವಾಗ ಮೇಣದ ಬುರುಡೆಯು ಯಂತ್ರದ ಕಡೆಗಿರಲಿ. ಅಂಚಿನಲ್ಲಿ ಗಾಳಿ ಹೊರಡುವುದಕ್ಕೆಂದು ಸಣ್ಣ ರಂಧ್ರವಿದ್ದರೆ, ಅದು ಮೇಲ್ಭಾಗಕ್ಕೆ ಬರಲಿ. ಇಲ್ಲವಾದರೆ ಒಳಗೆ ಸಿಕ್ಕಿದ ಗಾಳಿಯು ಬಿಸಿನೀರನ್ನು ಕವಾಟಕ್ಕೆ ತಾಗಗೊಡದೆ ಮೋಸಮಾಡೀತು.

ಇಷ್ಟಾದರೂ ಮುಳ್ಳು ಇಳಿಯದಿದ್ದರೆ, ಇನ್ನೂ ಕಡಮೆ ಡಿಗ್ರಿಯ ಥರ್ಮೋಸ್ಟಾಟನ್ನು ಹುಡುಕುತ್ತ ಅಲೆಯುವುದು ವ್ಯರ್ಥ. ತೂಬು ತೆರೆದಿದೆ, ಹೂಳು ತುಂಬಿರುವುದು ಕಾಲುವೆಯಲ್ಲಿ. ರೇಡಿಯೇಟರನ್ನು ಬಿಚ್ಚಿ ತೊಳೆಯಿಸಿ, ಪಂಪನ್ನೂ ಬೀಸಣಿಗೆಯ ಪಟ್ಟಿಯನ್ನೂ ನೋಡಿಸಿ, ಕಿಡಿಯ ಕಾಲವು ಸರಿಯಾಗಿದೆಯೆ ಎಂಬುದನ್ನು ಪರೀಕ್ಷಿಸುವುದೇ ಮುಂದಿನ ಮಾರ್ಗ.