ಬ್ಯಾಟರಿ ಗಾಡಿ ಕೊಳ್ಳುವ ಮುನ್ನ



ಹಳ್ಳಿಗಳಿಗೆ ಭೇಟಿ ಕೊಟ್ಟಾಗ ಉತ್ಪಾದಕರು ಈಗ ರಾಸುಗಳ ವಿಷಯ ಮುಗಿದ ಮೇಲೆ, "ಡಾಕ್ಟ್ರೇ, ಹಾಲು ಹಾಕೋಕೆ ಕರೆಂಟ್ ಗಾಡಿ ತಗೊಳ್ಳಬಹುದಾ?" ಎಂದು ಕೇಳುತ್ತಿದ್ದಾರೆ. ತಗೊಳ್ಳಬಹುದು. ಆದರೆ ಹಸು ಕೊಳ್ಳುವಾಗ ಬಣ್ಣ, ಕೊಂಬು ನೋಡಿ ಮರುಳಾಗದೆ ಕೆಚ್ಚಲು ನೋಡುತ್ತೀರಲ್ಲವೇ? ಹಾಗೆಯೇ ಇಲ್ಲಿ ನೋಡಬೇಕಾದದ್ದು ಬ್ಯಾಟರಿಯನ್ನು.

ನನಗೆ ಪರಿಚಯದ ಸದಸ್ಯರೊಬ್ಬರು ಎಲ್ಲಕ್ಕಿಂತ ಅಗ್ಗದ ಗಾಡಿ ತಂದರು. ಎರಡನೇ ವರ್ಷಕ್ಕೆ ಅದು ಮೊದಲಿನ ಅರ್ಧ ದೂರವೂ ಓಡಲಿಲ್ಲ. ಒಂದು ಸಂಜೆ ದಾರಿಯಲ್ಲೇ ನಿಂತಿತು. ಗಾಡಿ ತಳ್ಳಿಕೊಂಡು ಬರುವಷ್ಟರಲ್ಲಿ ಸಂಘದಲ್ಲಿ ಹಾಲು ಅಳೆಯುವ ಸಮಯ ಮುಗಿದಿತ್ತು. ಆ ಹೊತ್ತಿನ ಹಾಲಿಗೆ ಮನೆಯಲ್ಲಿ ಹೆಪ್ಪು ಹಾಕಬೇಕಾಯಿತು. ಹೊಸ ಬ್ಯಾಟರಿಯ ಬೆಲೆ ಕೇಳಿ ಅವರು ಗಾಡಿಯನ್ನೇ ಮೂಲೆಗೆ ನಿಲ್ಲಿಸಿದರು.

1. ದಾರಿಯ ಲೆಕ್ಕ

ಮೊದಲು ನಿಮ್ಮ ದಿನದ ಓಡಾಟ ಬರೆದುಕೊಳ್ಳಿ. ಸಂಘ 2 ಕಿ.ಮೀ. ದೂರವಿದ್ದರೆ ಎರಡು ಹೊತ್ತಿಗೆ 8 ಕಿ.ಮೀ. ಆಗುತ್ತದೆ. ಇದಕ್ಕೆ ಹೊಲ, ಸಂತೆಯ ಓಡಾಟ ಸೇರಿಸಿ. ಮಾರಾಟಗಾರರು ಹೇಳುವ ದೂರ ಸಮತಟ್ಟಾದ ರಸ್ತೆಯಲ್ಲಿ ಒಬ್ಬರೇ ಹೋದಾಗಿನ ಲೆಕ್ಕ. ಹೊರೆ, ಏರು, ಕೆಟ್ಟ ರಸ್ತೆ ಇದ್ದರೆ ಅದು ಕಡಿಮೆಯಾಗುತ್ತದೆ. ಬ್ಯಾಟರಿ ಹಳೆಯದಾದಂತೆ ಇನ್ನಷ್ಟು ಇಳಿಯುತ್ತದೆ. ಆದ್ದರಿಂದ ದಿನಕ್ಕೆ 20 ಕಿ.ಮೀ. ಬೇಕಾದವರು ಕನಿಷ್ಠ 40 ಕಿ.ಮೀ. ಓಡುವ ಗಾಡಿ ನೋಡಬೇಕು.

2. ಬ್ಯಾಟರಿ

ಅಗ್ಗದ ಗಾಡಿಗಳಲ್ಲಿ ಸಾಮಾನ್ಯವಾಗಿ ಲೆಡ್ ಆಸಿಡ್ ಬ್ಯಾಟರಿ ಇರುತ್ತದೆ. ಇದು ತೂಕ ಹೆಚ್ಚು, ಆಯಸ್ಸು ಕಡಿಮೆ. ದಿನವೂ ಚಾರ್ಜ್ ಮಾಡಿ ಓಡಿಸಿದರೆ ಒಂದೆರಡು ವರ್ಷಕ್ಕೆ ಬದಲಿಸಬೇಕಾದೀತು. ಲಿಥಿಯಂ ಬ್ಯಾಟರಿಗೆ ಬೆಲೆ ಹೆಚ್ಚು, ಆದರೆ ಹಗುರ ಮತ್ತು ಹೆಚ್ಚು ಕಾಲ ಬಾಳುತ್ತದೆ. ಹೊಸ ಬ್ಯಾಟರಿಯ ಬೆಲೆ ಎಷ್ಟು, ಗ್ಯಾರಂಟಿ ಎಷ್ಟು ವರ್ಷ ಎಂಬುದನ್ನು ಗಾಡಿ ಕೊಳ್ಳುವ ದಿನವೇ ಕೇಳಿ ಬರೆಸಿಕೊಳ್ಳಿ. ಬೆಲೆಯನ್ನು ವರ್ಷಗಳಿಂದ ಭಾಗಿಸಿದರೆ ಯಾವುದು ನಿಜವಾಗಿ ಅಗ್ಗ ಎಂಬುದು ತಿಳಿಯುತ್ತದೆ.

3. ಹೊರೆ

20 ಲೀಟರ್ ಹಾಲು ಸುಮಾರು 20.6 ಕಿಲೋ ತೂಗುತ್ತದೆ; ಕ್ಯಾನಿನ ತೂಕ ಬೇರೆ. ಪಶು ಆಹಾರದ ಮೂಟೆ 50 ಕಿಲೋ. ಹಸುವನ್ನು ಕರೆದು ನೋಡಿ ಕೊಳ್ಳುವಂತೆ, ಗಾಡಿಯನ್ನೂ ಹೊರೆ ಹಾಕಿ ನಿಮ್ಮೂರಿನ ಏರಿನಲ್ಲೇ ಓಡಿಸಿ ನೋಡಿ. ಸಾಧ್ಯವಿಲ್ಲ ಎನ್ನುವವರ ಬಳಿ ಕೊಳ್ಳಬೇಡಿ.

4. ಲೈಸೆನ್ಸ್ ಮತ್ತು ನೋಂದಣಿ

ಮೋಟಾರು 250 ವ್ಯಾಟ್ ಮತ್ತು ವೇಗ ಗಂಟೆಗೆ 25 ಕಿ.ಮೀ. ಮೀರದೆ, ಅನುಮೋದಿತ ಸಂಸ್ಥೆಯಲ್ಲಿ ಪರೀಕ್ಷೆಯಾದ ಗಾಡಿಗೆ ಮಾತ್ರ ನೋಂದಣಿ, ಲೈಸೆನ್ಸ್ ಬೇಡ. ಅದಕ್ಕಿಂತ ವೇಗವಾಗಿ ಓಡುವುದನ್ನು "ಏನೂ ಬೇಡ" ಎಂದು ಮಾರಿದರೆ ನಂಬಬೇಡಿ. ಅಪಘಾತವಾದಾಗ ವಿಮೆಯೂ ಇಲ್ಲದೆ ಕೈ ಸುಟ್ಟುಕೊಳ್ಳಬೇಕಾಗುತ್ತದೆ. ಪರೀಕ್ಷಾ ಪ್ರಮಾಣಪತ್ರದ ಪ್ರತಿ ಕೇಳಿ ಪಡೆಯಿರಿ. ಯಾವ ಗಾಡಿಯಾದರೂ ಹೆಲ್ಮೆಟ್ ಧರಿಸಿ.

5. ಚಾರ್ಜ್ ಮಾಡುವ ಜಾಗ

ಇದು ಪಶುವೈದ್ಯನಾಗಿ ನಾನು ಒತ್ತಿ ಹೇಳುವ ಮಾತು: ಕೊಟ್ಟಿಗೆಯಲ್ಲಿ ಚಾರ್ಜಿಗೆ ಹಾಕಬೇಡಿ. ಗಂಜಲದಿಂದ ಒದ್ದೆಯಾದ ನೆಲದಲ್ಲಿ ನಾಲ್ಕು ಕಾಲೂರಿ ನಿಂತ ರಾಸು, ಮನುಷ್ಯರಿಗೆ ಜುಮ್ಮೆನ್ನುವಷ್ಟು ಕರೆಂಟಿಗೂ ಸಾಯಬಹುದು. ಒಣಹುಲ್ಲಿನ ಪಕ್ಕದಲ್ಲಂತೂ ಬೇಡವೇ ಬೇಡ. ಅರ್ಥಿಂಗ್ ಇರುವ, ಗಾಳಿಯಾಡುವ ಒಣ ಜಾಗದಲ್ಲಿ, ಗಾಡಿಯ ಜೊತೆ ಕೊಟ್ಟ ಚಾರ್ಜರಿನಿಂದಲೇ ಚಾರ್ಜ್ ಮಾಡಿ. ಓಡಿಸಿ ಬಂದ ತಕ್ಷಣ ಹಾಕದೆ ಬ್ಯಾಟರಿ ತಣ್ಣಗಾಗಲು ಬಿಡಿ.

6. ಉಳಿತಾಯ ಎಷ್ಟು?

ಪೆಟ್ರೋಲ್ ಲೀಟರಿಗೆ 100 ರೂ., ಮೈಲೇಜು 40 ಕಿ.ಮೀ. ಎಂದು ಹಿಡಿದರೆ 20 ಕಿ.ಮೀ.ಗೆ 50 ರೂ. ಬ್ಯಾಟರಿ ಗಾಡಿಗೆ ಅಷ್ಟೇ ದೂರಕ್ಕೆ ಮುಕ್ಕಾಲು ಯೂನಿಟ್, ಅಂದರೆ ಸುಮಾರು 5 ರೂ. ಸಾಕು. ದಿನಕ್ಕೆ 45 ರೂ. ಉಳಿತಾಯ. ಆದರೆ 8 ಕಿ.ಮೀ. ಮಾತ್ರ ಓಡಾಡುವವರಿಗೆ ಉಳಿಯುವುದು 18 ರೂ. ಅದರಲ್ಲೇ ಸಾಲದ ಬಡ್ಡಿ, ಮುಂದಿನ ಬ್ಯಾಟರಿಯ ಹಣ ಎರಡೂ ಹುಟ್ಟಬೇಕು. ಗೃಹಜ್ಯೋತಿ ಫಲಾನುಭವಿಗಳು ತಮ್ಮ ಅರ್ಹ ಯೂನಿಟ್ ಮೀರುವುದೇ ಎಂದೂ ನೋಡಿಕೊಳ್ಳಬೇಕು.

ಆದ್ದರಿಂದ ಹೆಚ್ಚು ಓಡಾಡುವವರಿಗೆ ಲಿಥಿಯಂ ಬ್ಯಾಟರಿಯ ಗಾಡಿ ಲಾಭದಾಯಕ. ಸಂಘ ಕೂಗಳತೆಯಲ್ಲಿದ್ದು, ಹಾಲು ಐದಾರು ಲೀಟರ್ ಇರುವವರಿಗೆ ಸೈಕಲ್ಲೇ ಸಾಕು. ಆ ಹಣದಲ್ಲಿ ಒಳ್ಳೆಯ ಕರು ಸಾಕಬಹುದು. ಕೊಂಡವರು ಪ್ರತಿ ಬಟವಾಡೆಯಲ್ಲೂ ಬ್ಯಾಟರಿಗೆಂದು ಸ್ವಲ್ಪ ಹಣ ತೆಗೆದಿಡಿ. ಆಗ ಗಾಡಿ ನಿಮ್ಮನ್ನು ದಾರಿಯಲ್ಲಿ ನಿಲ್ಲಿಸುವುದಿಲ್ಲ, ಹಾಲೂ ಹೊತ್ತಿಗೆ ಸರಿಯಾಗಿ ಸಂಘ ಸೇರುತ್ತದೆ.