ಕ್ಯಾಮೆರಾ ಇಲ್ಲದೆ ಅಮ್ಮನ ಓಡಾಟ ತಿಳಿಯುವುದು ಹೇಗೆ?

ಪ್ರಶ್ನೆ: ಅಮ್ಮ ಕಾಪುವಿನ ಮನೆಯಲ್ಲಿ ಒಬ್ಬರೇ ಇದ್ದಾರೆ, ನಾನು ಮಣಿಪಾಲದಲ್ಲಿ. ಅವರು ಎದ್ದರೋ, ಬಿದ್ದರೋ ಎಂಬುದು ಬರೀ ವೈಫೈಯಿಂದಲೇ ತಿಳಿಯುತ್ತದಂತೆ. ಹೇಗೆ?

ಕೆರೆಗೆ ಕಲ್ಲೆಸೆದರೆ ಅಲೆಗಳು ಉಂಗುರವಾಗಿ ಹರಡುತ್ತವೆ. ನೀರಿನಲ್ಲಿ ಯಾರಾದರೂ ನಿಂತಿದ್ದರೆ ಅವರಿಗೆ ತಾಗಿ ಒಡೆಯುತ್ತವೆ. ಅವರು ಅಲುಗಿದರೆ ದಡಕ್ಕೆ ಬರುವ ಅಲೆಯೂ ಬದಲಾಗುತ್ತದೆ. ವೈಫೈಯ ರೇಡಿಯೊ ಅಲೆಗಳೂ ಹೀಗೆಯೇ. ದೇಹದ ಅರ್ಧಕ್ಕಿಂತ ಹೆಚ್ಚು ಪಾಲು ನೀರು. ಅದು ಈ ಅಲೆಗಳನ್ನು ಹೀರುತ್ತದೆ, ಚದುರಿಸುತ್ತದೆ. ಅಮ್ಮ ಮಂಚದಿಂದೆದ್ದು ಅಡುಗೆಮನೆಗೆ ನಡೆದರೆ ಒಂದು ಬಗೆಯ ಏರಿಳಿತ, ದಢಕ್ಕನೆ ಬಿದ್ದು ಅಲುಗದಿದ್ದರೆ ಇನ್ನೊಂದು. ಉಸಿರಾಡುವಾಗ ಎದೆ ಕೆಲವೇ ಮಿಲಿಮೀಟರ್ ಏರಿಳಿದರೂ ಸೂಕ್ಷ್ಮ ಉಪಕರಣಕ್ಕೆ ಗೊತ್ತಾಗುತ್ತದೆ. ಕಂಪ್ಯೂಟರ್ ಈ ಏರಿಳಿತಗಳನ್ನು ಕಲಿತುಕೊಂಡು, ದಿನಚರಿ ತಪ್ಪಿದಾಗ ಫೋನಿಗೆ ಸುದ್ದಿ ಕಳಿಸುತ್ತದೆ.

ಗೋಡೆಯಾಚೆಯ ಚಲನೆಯನ್ನು ವೈಫೈಯಿಂದ ಗುರುತಿಸಬಹುದೆಂದು ಅಮೆರಿಕದ ಎಂಐಟಿಯ ದೀನಾ ಕತಾಬಿ, ಫಾದಿಲ್ ಅದೀಬ್ 2013ರಲ್ಲೇ ತೋರಿಸಿದ್ದರು. ಜಾರಿ ಬೀಳುವ ಭಯ ಹೆಚ್ಚಿರುವ ಬಚ್ಚಲಿನಲ್ಲಿ ಕ್ಯಾಮೆರಾ ಇಡಲಾಗದು. ಅಲ್ಲಿ ಈ ವೈಫೈ ವಿಧಾನದ ಉಪಯೋಗ ದೊಡ್ಡದು. ಆದರೆ ನಮ್ಮ ಕಡೆಯ ದಪ್ಪ ಮುರಕಲ್ಲಿನ ಗೋಡೆಗಳು ಅಲೆಯನ್ನು ಕುಗ್ಗಿಸುತ್ತವೆ. ಮಳೆಗಾಲದಲ್ಲಿ ಕರೆಂಟು ಹೋದರೆ ಎಲ್ಲವೂ ನಿಲ್ಲುತ್ತದೆ, ಹಾಗಾಗಿ ರೂಟರಿಗೆ ಬ್ಯಾಟರಿ ಇರಲೇಬೇಕು. ಅಳವಡಿಸುವ ಮೊದಲು ಅಮ್ಮನ ಒಪ್ಪಿಗೆ ಕೇಳಿ. ಪಕ್ಕದ ಮನೆಯವರ ಫೋನ್ ನಂಬರನ್ನೂ ಇಟ್ಟುಕೊಂಡಿರಿ.