ವೇಲ್ಸಿನ ಭಾನುವಾರ

ವೇಲ್ಸ್ ದೇಶದ ಕಲ್ಲಿದ್ದಲಿನ ಕಣಿವೆಗಳಲ್ಲಿ ನಡೆದುಹೋಗುವವನಿಗೆ ಬೀದಿಯ ತಿರುವುಗಳಲ್ಲಿ ಮತ್ತೆ ಮತ್ತೆ ಒಂದೇ ಬಗೆಯ ಕಟ್ಟಡ ಎದುರಾಗುತ್ತದೆ: ಬೂದುಗಲ್ಲಿನ ಎತ್ತರವಾದ ಮುಖಭಿತ್ತಿ, ಕಮಾನಿನ ಕಿಟಕಿಗಳು, ನೆತ್ತಿಯಲ್ಲಿ ಬೆಥೆಲ್ ಎಂದೋ ಸಿಯೋನ್ ಎಂದೋ ಎಬೆನೇಜರ್ ಎಂದೋ ಕೊರೆದ ಬೈಬಲಿನ ಹೆಸರು, ಅದರ ಕೆಳಗೆ ಕಟ್ಟಿದ ವರ್ಷ. ಇಂಗ್ಲೆಂಡಿನ ರಾಜಮಾನ್ಯ ಚರ್ಚಿನಿಂದ ಬೇರೆಯಾಗಿ ನಿಂತ ಮೆಥಡಿಸ್ಟರು, ಬ್ಯಾಪ್ಟಿಸ್ಟರು, ಸ್ವತಂತ್ರ ಸಭೆಯವರು ತಮ್ಮ ಕೂಲಿಯ ಕಾಸನ್ನು ಕೂಡಿಹಾಕಿ ಹತ್ತೊಂಬತ್ತನೆಯ ಶತಮಾನದಲ್ಲಿ ಸಾವಿರಗಟ್ಟಲೆಯಾಗಿ ಎತ್ತಿದ ಚಾಪೆಲುಗಳು ಇವು. ಇಂದು ಎಷ್ಟೋ ಚಾಪೆಲುಗಳ ಬಾಗಿಲಿಗೆ ಬೀಗ ಬಿದ್ದಿದೆ. ಕೆಲವು ವಾಸದ ಮನೆಗಳಾಗಿವೆ, ಕೆಲವು ಉಗ್ರಾಣಗಳಾಗಿವೆ.

2021ರ ಜನಗಣತಿಯಲ್ಲಿ ವೇಲ್ಸಿನ ನಿವಾಸಿಗಳ ಪೈಕಿ ನೂರಕ್ಕೆ 46.5 ಮಂದಿ ತಮಗೆ ಯಾವ ಮತವೂ ಇಲ್ಲವೆಂದು ಬರೆಯಿಸಿದರು. ಕ್ರೈಸ್ತರೆಂದು ಹೇಳಿಕೊಂಡವರು 43.6. ವಿಜ್ಞಾನವು ಬೆಳೆದು ದೇವರಲ್ಲಿ ನಂಬಿಕೆ ಕುಗ್ಗಿತು ಎಂಬ ವಿವರಣೆ ಇಲ್ಲಿ ಸುಲಭವಾಗಿ ನಾಲಗೆಗೆ ಬರುತ್ತದೆಯಾದರೂ, ಅಷ್ಟರಿಂದ ನನಗೆ ಸಮಾಧಾನವಾಗುವುದಿಲ್ಲ. ಆ ಜನರ ನಂಬಿಕೆ ಅಳಿಯುವುದಕ್ಕೆ ಬಹು ಮುಂಚೆಯೇ ಅವರ ಭಾನುವಾರ ಅಳಿಯತೊಡಗಿತ್ತು.

ಆ ಭಾನುವಾರ ಎಂತಹುದೆಂಬುದನ್ನು ಸ್ವಲ್ಪ ನಿಧಾನಿಸಿ ನೋಡಬೇಕು. ಅದು ಶನಿವಾರ ಸಂಜೆಯೇ ಮೊದಲಾಗುತ್ತಿತ್ತು. ಮರುದಿನ ಕೈಗೆಲಸ ನಿಷಿದ್ಧವಾದುದರಿಂದ ಆಲೂಗಡ್ಡೆಯ ಸಿಪ್ಪೆ ತೆಗೆದು ನೀರಿನಲ್ಲಿಡುವುದೂ, ಮನೆಮಂದಿಯ ಪಾದರಕ್ಷೆಗಳನ್ನೆಲ್ಲ ಉಜ್ಜಿ ಸಾಲಾಗಿ ಜೋಡಿಸುವುದೂ ಆ ರಾತ್ರಿಯೇ ಮುಗಿಯುತ್ತಿದ್ದುವು. ಬೆಳಗ್ಗೆ ಆರಾಧನೆ, ಮಧ್ಯಾಹ್ನ ಭಾನುವಾರದ ಶಾಲೆ, ಸಂಜೆ ಮತ್ತೆ ಆರಾಧನೆ. ಆ ಶಾಲೆ ಮಕ್ಕಳಿಗಷ್ಟೇ ಮೀಸಲಾದುದಲ್ಲ. ಮೊಮ್ಮಗನು ಒಂದು ಬೆಂಚಿನಲ್ಲಿ ಅಕ್ಷರ ತಿದ್ದುತ್ತಿರುವಾಗ ಅಜ್ಜನು ಮತ್ತೊಂದು ಬೆಂಚಿನಲ್ಲಿ ಪೌಲನ ಪತ್ರಿಕೆಯ ಒಂದು ವಾಕ್ಯದ ಅರ್ಥಕ್ಕಾಗಿ ನೆರೆಯವನೊಡನೆ ವಾದಕ್ಕಿಳಿದಿರುತ್ತಿದ್ದನು. ಪ್ರಸಂಗಪೀಠದ ಬುಡದಲ್ಲಿ, ‘ದೊಡ್ಡ ಆಸನ’ವೆಂದು ಕರೆಯಲ್ಪಡುವ ಕಟಾಂಜನದೊಳಗೆ, ಸಭೆಯ ಹಿರಿಯರು ಕುಳಿತಿರುವರು. ಮೇಲೆ ನಿಂತ ಬೋಧಕನ ಮಾತು ಕಾವೇರಿದಂತೆ, ನಮ್ಮ ಕಡೆಯ ಹರಿಕಥೆಯ ದಾಸರು ಗದ್ಯದಿಂದ ರಾಗಕ್ಕೆ ಜಾರುವ ಹಾಗೆ, ಗದ್ಯವು ತಾನಾಗಿ ಗಾನದ ಏರಿಳಿತವನ್ನು ತಾಳುತ್ತಿತ್ತು. ‘ಹೂಯಿಲ್’ ಎಂದು ಅದಕ್ಕೆ ಹೆಸರು. ಹಾಯಿದೋಣಿಯ ಹಾಯಿಗೂ ಆ ಭಾಷೆಯಲ್ಲಿ ಅದೇ ಶಬ್ದ.

ಭಾಷೆಯ ಮಾತು ಬಂದುದರಿಂದ ಹೇಳುತ್ತೇನೆ. ಕನ್ನಡಿಗನಾದವನಿಗೆ ಈ ಕಥೆಯಲ್ಲಿ ಮನಸ್ಸು ಹೆಚ್ಚು ನಿಲ್ಲುವುದು ಇಲ್ಲಿಯೇ. ಬಿಷಪ್ ವಿಲಿಯಂ ಮಾರ್ಗನ್ 1588ರಲ್ಲಿ ಬೈಬಲನ್ನು ವೆಲ್ಷ್ ಭಾಷೆಗೆ ತಂದನು. ಗ್ರಿಫಿತ್ ಜೋನ್ಸ್ ಎಂಬ ಪಾದ್ರಿಯ ಸಂಚಾರಿ ಶಾಲೆಗಳು ಹದಿನೆಂಟನೆಯ ಶತಮಾನದಲ್ಲಿ ಲಕ್ಷಾಂತರ ಬಡವರಿಗೆ ಅದನ್ನು ಓದಲು ಕಲಿಸಿದುವು. ಸರ್ಕಾರ, ನ್ಯಾಯಸ್ಥಾನ, ವ್ಯಾಪಾರ ಇವೆಲ್ಲವೂ ಇಂಗ್ಲಿಷಿನ ವಶವಾಗಿದ್ದ ನಾಡಿನಲ್ಲಿ ಮನೆಮಾತಿಗೆ ಗ್ರಂಥಸ್ಥ ಗೌರವ ಉಳಿದದ್ದು ಚಾಪೆಲಿನ ಆಶ್ರಯದಲ್ಲಿ. 1800ರಲ್ಲಿ ಮೇರಿ ಜೋನ್ಸ್ ಎಂಬ ಹದಿನೈದರ ಬಾಲೆ, ಆರು ವರ್ಷ ಕೂಡಿಟ್ಟ ಹಣವನ್ನು ಹಿಡಿದು, ತನ್ನ ಭಾಷೆಯ ಒಂದು ಬೈಬಲಿಗಾಗಿ ಬಾಲಾ ಎಂಬ ಊರಿಗೆ ಸುಮಾರು 40 ಕಿಲೋಮೀಟರು ಬರಿಗಾಲಲ್ಲಿ ನಡೆದಳು. 1804ರಲ್ಲಿ ಲಂಡನ್ನಿನಲ್ಲಿ ಬೈಬಲ್ ಸಂಘ ಸ್ಥಾಪಿತವಾದುದಕ್ಕೆ ಈ ನಡಿಗೆಯೇ ಪ್ರೇರಣೆಯೆಂದು ಹೇಳುವರು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿದ್ದು ಬೈಬಲನ್ನು ಕನ್ನಡಿಸಿದ ಕಾರ್ಯಕ್ಕೂ ಆ ಸಂಘದ ಬೆಂಬಲವಿದ್ದಿತು.

ಸಂಗೀತವೂ ವೇಲ್ಸಿನ ಚಾಪೆಲಿನಲ್ಲಿಯೇ ಬೆಳೆಯಿತು. ನಮ್ಮ ಸರಿಗಮದಂತೆ ಡೊ ರೆ ಮಿ ಎಂಬ ಅಕ್ಷರಗಳನ್ನೇ ಬರೆದು ಹಾಡುವ ಸೋಲ್-ಫಾ ಪದ್ಧತಿಯ ಉದ್ದನೆಯ ಪಟವನ್ನು ಪಕ್ಕದ ಕೋಣೆಯ ಗೋಡೆಗೆ ತೂಗಹಾಕಿ, ಗುರುವು ಕೋಲಿನಿಂದ ತೋರಿದ ಅಕ್ಷರವನ್ನು ಹಾಡಿ ಹಾಡಿ, ಗಣಿಯಾಳುಗಳು ಹ್ಯಾಂಡೆಲನ ಮಹಾಕೃತಿಗಳನ್ನು ನಾಲ್ಕು ಧ್ವನಿಗಳಲ್ಲಿ ಹಾಡುವಷ್ಟು ಪಳಗಿದರು.

1904ರಲ್ಲಿ ಇವಾನ್ ರಾಬರ್ಟ್ಸ್ ಎಂಬ 26 ವರ್ಷದ ಮಾಜಿ ಗಣಿಕಾರ್ಮಿಕನಿಂದ ಮೊದಲುಗೊಂಡ ಧಾರ್ಮಿಕ ಉಜ್ಜೀವನದ ಅಲೆಯಲ್ಲಿ ಚಾಪೆಲುಗಳು ರಾತ್ರಿಯಿಡೀ ತುಂಬಿರುತ್ತಿದ್ದುವು. ಅದು ತುಂಬುಹೊಳೆಯ ಕೊನೆಯ ಮಹಾಪೂರ. ಒಂದು ತಲೆಮಾರು ಕಳೆಯುವಷ್ಟರಲ್ಲಿ ಚಾಪೆಲು ತಾನೊಂದೇ ಮಾಡುತ್ತಿದ್ದ ಕೆಲಸಗಳನ್ನು ಇತರರು ಹಂಚಿಕೊಂಡಿದ್ದರು. ಓದುವ ಹಂಬಲಿನವನಿಗೆ ಗಣಿಕಾರ್ಮಿಕರ ಪುಸ್ತಕಭಂಡಾರ ದೊರೆಯಿತು. ವಾದಪ್ರಿಯನಿಗೆ ಕಾರ್ಮಿಕ ಸಂಘದ ವೇದಿಕೆ ದೊರೆಯಿತು. ಪ್ರೌಢಶಾಲೆ ಮಕ್ಕಳನ್ನು ಇಂಗ್ಲಿಷಿನತ್ತ ಸೆಳೆಯಿತು. 1914ರ ಯುದ್ಧದಿಂದ ಹಿಂದಿರುಗಿದ ತರುಣರಿಗೆ ದೊಡ್ಡ ಆಸನದ ಹಿರಿಯರ ಮಾತು ಮೊದಲಿನಷ್ಟು ಭಾರವಾಗಿ ಕೇಳಿಸಲಿಲ್ಲ. ಸಿನಿಮಾ ಬಂದಿತು, ಬಸ್ಸು ಬಂದಿತು, ಗಣಿಗಳು ಮುಚ್ಚಿ ಮಕ್ಕಳು ಊರು ಬಿಟ್ಟರು. 1901ರಲ್ಲಿ ನಾಡಿನ ಅರ್ಧದಷ್ಟು ಜನ ಆಡುತ್ತಿದ್ದ ವೆಲ್ಷ್ ಮಾತು 2021ಕ್ಕೆ ನೂರಕ್ಕೆ 17.8 ಮಂದಿಯ ಬಾಯಲ್ಲಿ ಉಳಿದಿದೆ. ಬೋಧಕನ ಭಾಷೆ ಮೊಮ್ಮಗನಿಗೆ ತಿಳಿಯದಾದಾಗ ಅವನು ಬೆಂಚಿನಲ್ಲಿ ಕುಳಿತಾನಾದರೂ ಹೇಗೆ?

ಈ ಹಿಂಜರಿತವನ್ನು ಹೆಂಡದಂಗಡಿಯ ಬಾಗಿಲಲ್ಲಿ ನಿಂತು ಅಳೆಯಬಹುದು. ಭಾನುವಾರ ಮದ್ಯ ಮಾರಕೂಡದೆಂದು ವೇಲ್ಸಿಗಾಗಿಯೇ 1881ರಲ್ಲಿ ಒಂದು ಶಾಸನವಾಗಿದ್ದಿತು. 1961ರಿಂದ ಈ ನಿಷೇಧವನ್ನು ಜಿಲ್ಲೆ ಜಿಲ್ಲೆಯ ಜನರೇ ಏಳು ವರ್ಷಕ್ಕೊಮ್ಮೆ ಮತ ಹಾಕಿ ನಿರ್ಣಯಿಸುವ ಏರ್ಪಾಡಾಯಿತು. ಪ್ರತಿಯೊಂದು ಮತದಾನದಲ್ಲಿಯೂ ನಿಷೇಧದ ನೆಲ ಪಶ್ಚಿಮದತ್ತ, ವೆಲ್ಷ್ ಮಾತಿನ ಸೀಮೆಯತ್ತ, ಕಿರಿದಾಗುತ್ತ ಸರಿದು, ಕಟ್ಟಕಡೆಗೆ ವಾಯವ್ಯದ ಡ್ವೈವೋರ್ ಜಿಲ್ಲೆಯೊಂದೇ ಉಳಿದು, 1996ರಲ್ಲಿ ಅದೂ ಬಾಗಿಲು ತೆರೆಯಿತು.

ಹಳೆಯದನ್ನು ಕುರಿತು ಮರುಗುವಾಗ ಅದರ ಕಾಠಿಣ್ಯವನ್ನು ಮರೆಯುವುದು ನ್ಯಾಯವಲ್ಲ. ಮದುವೆಯಿಲ್ಲದೆ ಬಸುರಾದ ಹುಡುಗಿಯನ್ನು ತುಂಬಿದ ಸಭೆಯ ಮುಂದೆ ನಿಲ್ಲಿಸಿ, ಹೆಸರು ಹೇಳಿ ಹೊರಹಾಕುವ ಪದ್ಧತಿ ಅನೇಕ ಚಾಪೆಲುಗಳಲ್ಲಿದ್ದಿತು. ಅವಳೊಡನೆ ತಪ್ಪಿದ ಗಂಡಸು ಎಷ್ಟೋ ವೇಳೆ ತನ್ನ ಬೆಂಚಿನಲ್ಲಿ ನೆಮ್ಮದಿಯಾಗಿ ಕುಳಿತಿರುತ್ತಿದ್ದನು. ಅಂತಹ ಬಾಗಿಲನ್ನು ದಾಟಿ ಹೊರನಡೆದವರು ಮತ್ತೆ ಒಳಗೆ ಬರಲಿಲ್ಲವೆಂದರೆ ಅವರನ್ನು ದೂರಲಾರೆನು.

ಹಾಡು ಮಾತ್ರ ಬೆಂಚಿಗಿಂತ ದೀರ್ಘಾಯುವಾಯಿತು. ಭಕ್ತಿಗೀತೆಗಳ ಸಮೂಹಗಾಯನವನ್ನು ಅಲ್ಲಿಯ ದೂರದರ್ಶನ 1961ರಿಂದ ಮನೆಮನೆಗೆ ತಲುಪಿಸುತ್ತಿದೆ. ಚಾಪೆಲಿನ ಹೊಸ್ತಿಲನ್ನೇ ತುಳಿಯದ ತರುಣರೂ ರಗ್ಬಿಯ ಮೈದಾನದಲ್ಲಿ ‘ಕುಮ್ ರೊಂಡ’ವೆಂಬ ಮಟ್ಟನ್ನು ಎದೆತುಂಬಿ ಹಾಡುವರು.

ಆ ಹಾಡು ಪೂರ್ವದಿಕ್ಕಿಗೂ ಹರಿದಿತ್ತು. ವೆಲ್ಷ್ ಮಿಷನರಿಗಳು 1841ರಲ್ಲಿ ಖಾಸಿ ಬೆಟ್ಟಗಳಿಗೂ, ಆ ಶತಮಾನದ ಕೊನೆಯ ವೇಳೆಗೆ ಮಿಜೋ ಬೆಟ್ಟಗಳಿಗೂ ಬಂದರು. ಇಂದು ಮಿಜೋ ಬೆಟ್ಟಗಳ ಐಜಾಲ್ ನಗರದಲ್ಲಿ ಭಾನುವಾರ ಅಂಗಡಿಗಳ ಬಾಗಿಲು ಮುಚ್ಚಿರುತ್ತದೆ, ಚರ್ಚುಗಳು ಕಿಕ್ಕಿರಿದಿರುತ್ತವೆ. ಅಲ್ಲಿಯ ಸಭೆಯವರು ಈ ಶತಮಾನದಲ್ಲಿ ತಮ್ಮವರನ್ನೇ ಬೋಧಕರನ್ನಾಗಿ ವೇಲ್ಸಿಗೆ ಕಳುಹಿಸಿದ್ದಾರೆ. ವೇಲ್ಸಿನ ಗೋಡೆಯ ಮೇಲೆ ಒಂದು ಕಾಲದಲ್ಲಿ ತೂಗುತ್ತಿದ್ದ ಅದೇ ಡೊ ರೆ ಮಿ ಅಕ್ಷರಗಳು ಮಿಜೋ ಗೀತಪುಸ್ತಕಗಳಲ್ಲಿ ಈಗಲೂ ಅಚ್ಚಾಗುತ್ತವೆ, ಮಕ್ಕಳು ಅವನ್ನು ನೋಡಿ ಹಾಡುತ್ತಾರೆ.